ಏಸು ಎಲ್ಲಿದ್ದಾನೆ, ಹುಡುಕಿ

ಮೇಧಾ: ಚಿತ್ರ ಹಾಕಿದ್ದೀನಿ ನೋಡಿ. ಬೆಲ್ಜಿಯಂನ ಜೇಮ್ಸ್ ಎನ್ಸಾರ್ 1888ರಲ್ಲಿ ಬರೆದ ‘1889ರಲ್ಲಿ ಬ್ರಸೆಲ್ಸ್‌ಗೆ ಕ್ರಿಸ್ತನ ಪ್ರವೇಶ’. ಏಸು ಎಲ್ಲಿದ್ದಾನೆ, ಹುಡುಕಿ.

ಚಿಕ್ಕಪ್ಪ: ಬೆಳಗಾಗೆದ್ದು ಇದೇನಮ್ಮ? ಬರೀ ಮುಖವಾಡಗಳ ಜಾತ್ರೆ. ದೇವರ ಹೆಸರಿಟ್ಟು ಗೇಲಿ ಮಾಡಿದ್ದಾನೆ.

ಸುಮತ್ತೆ: ಸಿಕ್ಕ! ನಡುವೆ, ಸ್ವಲ್ಪ ಹಿಂದೆ, ಕತ್ತೆ ಮೇಲೆ ಕೂತಿದ್ದಾನೆ. ತಲೆ ಹಿಂದೆ ಹಳದಿ ಪ್ರಭೆ. ಫೋನಲ್ಲಿ ಸಾಸಿವೆ ಕಾಳಿನಷ್ಟು.

ಮೇಧಾ: ಅದೇ ಚಿಕ್ಕಪ್ಪ, ಗೇಲಿ ಏಸುವಿಗಲ್ಲ. ಮುಂದಿನ ಸಾಲಿನವರೆಲ್ಲ ಅವನಿಗೆ ಬೆನ್ನು ಹಾಕಿ ನಮ್ಮ ಮೇಲೇ ನುಗ್ತಿದ್ದಾರೆ. ಮೇಲೆ ಸಮಾಜಕ್ರಾಂತಿಗೆ ಜೈ ಅನ್ನೋ ಅರ್ಥದ ಕೆಂಪು ಬ್ಯಾನರ್. ಯಾರ ಮೆರವಣಿಗೆ ಅನ್ನೋದೇ ಅವರಿಗೆ ಮರೆತುಹೋಗಿದೆ.

ರಘು ಮಾವ: ಅಷ್ಟೆಲ್ಲ ತತ್ವ ಬೇಡ ಕಣೇ. ಒಸ್ಟೆಂಡ್ ಊರಲ್ಲಿ ಅವನ ಮನೆಯವರದ್ದೇ ಅಂಗಡಿ. ಚಿಪ್ಪು, ಆಟಿಕೆ, ಕಾರ್ನಿವಲ್ ಮುಖವಾಡ ಮಾರ್ತಿದ್ರು. ಕಣ್ಣೆದುರಿಗಿದ್ದದ್ದನ್ನ ಬರೆದ, ಅಷ್ಟೆ.

ಮೇಧಾ: ಚಿಪ್ಪಿಗೆ ಟೋಪಿ ಹಾಕಿ ಮೆರವಣಿಗೆ ಹೊರಡಿಸಲಿಲ್ಲವಲ್ಲ ಮಾವ! ಇನ್ನೊಂದು ನೋಡಿ, 1890ರ ‘ಒಳಸಂಚು’. ಎತ್ತರದ ಟೋಪಿಯವನ ತೋಳು ಹಿಡಿದವಳು, ಬಲಗಡೆ ಬೆರಳು ತೋರಿಸ್ತಿರೋ ಹೆಂಗಸು. ದೊಡ್ಡದು ಮಾಡಿ ನೋಡಿ. ಮುಖವಾಡದ ಅಂಚು ಎಲ್ಲಿದೆ?

ಸುಮತ್ತೆ: ಇಲ್ಲವೇ ಇಲ್ಲ. ಕಟ್ಟಿದ ದಾರವೂ ಕಾಣ್ತಿಲ್ಲ. ಮೋರೆಯೇ ಹಾಗಿರೋ ಹಾಗಿದೆ. ನೋಡ್ತಾ ನೋಡ್ತಾ ಮೈ ಜುಮ್ ಅಂತು.

ಚಿಕ್ಕಪ್ಪ: ಊರಿಗೆಲ್ಲ ಮುಖವಾಡ ಹಾಕಿ ಏಸುವಿಗೆ ಮಾತ್ರ ತನ್ನದೇ ಮುಖ ಇಟ್ಟಿದ್ದಾನಂತೆ. ಇದಕ್ಕೇನಂತೀಯ? ಅಹಂಕಾರ ಅಲ್ವಾ?

ಮೇಧಾ: ಹೂಂ, ಅಹಂಕಾರವೇ. ಆದರೆ ಆ ಚಿತ್ರ ಜನರ ಮುಂದೆ ಬಂದದ್ದು 1929ರಲ್ಲಿ. ಯಾರೂ ತನ್ನ ಕಡೆ ನೋಡಲ್ಲ ಅನ್ನೋ ಸಂಕಟವೂ ಅದರಲ್ಲಿದೆ.

ರಘು ಮಾವ: ಅದೇ 1929ರಲ್ಲಿ ಅವನಿಗೆ ಬ್ಯಾರನ್ ಅಂತ ದೊಡ್ಡ ಮನೆತನದವರ ಬಿರುದು ಕೊಟ್ರು. ದೊಡ್ಡವರನ್ನೆಲ್ಲ ಮುಖವಾಡ ಮಾಡಿದ ಮಹಾಶಯ ಬೇಡ ಅನ್ನಲಿಲ್ಲ 😄

ಚಿಕ್ಕಪ್ಪ: ಶಹಬ್ಬಾಸ್ ಭಾವ!

ಸುಮತ್ತೆ: ರೀ, ನಿಮ್ಮ ಅಂಗಡಿ ವಾದ ಎಲ್ಲಿಗೆ ಹೋಯ್ತು?

ಮೇಧಾ: ಆ ಬಿರುದಿಗೆ ನನ್ನ ಹತ್ರ ಉತ್ತರ ಇಲ್ಲ ಮಾವ. ಆದರೂ ಮುಖವಾಡದಲ್ಲಿ ಅವನು ಏನನ್ನೂ ಮುಚ್ಚಿಡ್ತಿಲ್ಲ, ತೋರಿಸ್ತಿದ್ದಾನೆ. ಆ ಮಾತು ಮಾತ್ರ ಬಿಡಲ್ಲ.

ಚಿಕ್ಕಪ್ಪ: ಅದಿರಲಿ, ನನಗಿನ್ನೂ ಏಸು ಸಿಕ್ಕಿಲ್ಲ.

ಸುಮತ್ತೆ: ಕನ್ನಡಕ ಹಾಕ್ಕೊಳ್ಳೋ.

ಮೇಧಾ: ಮೂಲ ಚಿತ್ರ ನಾಲ್ಕು ಮೀಟರ್‌ಗೂ ಹೆಚ್ಚು ಅಗಲ ಇದೆ ಚಿಕ್ಕಪ್ಪ, ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿ. ತಾಳಿ, ದೊಡ್ಡ ಫೈಲ್ ಕಳಿಸ್ತೀನಿ.