ಪದ ಬೇಕು: ಫ್ರೀಕ್ವೆನ್ಸಿ ಹಾಪಿಂಗ್, ಸ್ಯಾಂಪ್ಲಿಂಗ್ ರೇಟ್ (ಬೋರ್ಡು ನಾಳೆ ಪ್ರಿಂಟಿಗೆ)

ಕಾರವಾರದಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನದ ಬೋರ್ಡು ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗುತ್ತದೆ. ಕಡಿಮೆ ಸ್ಯಾಂಪ್ಲಿಂಗ್ ರೇಟಿನಲ್ಲಿ ಅಗಲವಾದ ಪಟ್ಟಿಯನ್ನು ಹಿಡಿಯುವ ರೇಡಿಯೋ ರಿಸೀವರಿಗೆ ಹುಡುಗರು ‘ಕಡಿಮೆ ಮಾದರಿ ದರದ ವಿಶಾಲಪಟ್ಟಿ ಗ್ರಾಹಕ’ ಅಂತ ಬರೆದಿದ್ದಾರೆ. ಓದಿದವರು ಇದು ಯಾವ ಅಂಗಡಿಯ ಆಫರ್ ಅಂತ ಕೇಳುತ್ತಾರೆ, ಅಲ್ವಾ?

ವಿಷಯ ಇಷ್ಟು. ಹೆಡ್‌ಸೆಟ್ಟಿನ ಕ್ಲಾಸಿಕ್ ಬ್ಲೂಟೂತ್ ಸಿಗ್ನಲ್ ಒಂದೇ ಕಡೆ ನಿಲ್ಲುವುದಿಲ್ಲ. 1 ಮೆಗಾಹರ್ಟ್ಸ್ ಅಗಲದ 79 ಚಾನೆಲ್‌ಗಳಲ್ಲಿ ಸೆಕೆಂಡಿಗೆ 1600 ಸಲ ಜಾಗ ಬದಲಿಸುತ್ತದೆ. ಇದೇ ಫ್ರೀಕ್ವೆನ್ಸಿ ಹಾಪಿಂಗ್. ಎಲ್ಲ ಚಾನೆಲ್‌ಗಳ ಮೇಲೂ ಒಟ್ಟಿಗೆ ಕಣ್ಣಿಡಬೇಕು ಅಂದರೆ ನೈಕ್ವಿಸ್ಟ್ ಲೆಕ್ಕದಲ್ಲಿ (ಪಟ್ಟಿಯ ಅಗಲದ ಎರಡರಷ್ಟು) ಸೆಕೆಂಡಿಗೆ ಸುಮಾರು 16 ಕೋಟಿ ಸ್ಯಾಂಪಲ್, ಅಂದರೆ ಸಿಗ್ನಲ್ಲಿನ ಅಳತೆ, ಬೇಕು. ಆದರೆ ಆ ಕ್ಷಣಕ್ಕೆ ತುಂಬಿರುವುದು ಒಂದೇ ಚಾನೆಲ್, ಉಳಿದವು ಖಾಲಿ. ಅದಕ್ಕೇ ಬಂದ ಸಿಗ್ನಲ್ಲನ್ನು ಬೇಗ ಬೇಗ ಅದಲುಬದಲಾಗುವ ಪ್ಲಸ್ ಒಂದು, ಮೈನಸ್ ಒಂದರ ಸಾಲಿನಿಂದ ಗುಣಿಸುತ್ತಾರೆ. ಆಗ ಎಲ್ಲ ಚಾನೆಲ್‌ಗಳೂ ಮಡಚಿಕೊಂಡು ಕೆಳಗಿನ ಸಣ್ಣ ಪಟ್ಟಿಗೆ ಬಂದು ಬೀಳುತ್ತವೆ. ಅಲ್ಲಿ ನಿಧಾನವಾಗಿ ಸ್ಯಾಂಪಲ್ ತೆಗೆದರೂ ಸಾಕು. ಹೀಗೆ ಬೇರೆ ಬೇರೆ ಸಾಲುಗಳಿಂದ ಗುಣಿಸುವ ಕೆಲವು ಕವಲುಗಳನ್ನು ರಿಸೀವರಿನಲ್ಲಿ ಇಟ್ಟು, ಅವುಗಳ ಫಲಿತಾಂಶ ಹೋಲಿಸಿ, ಸಿಗ್ನಲ್ ಯಾವ ಚಾನೆಲ್ಲಿನಲ್ಲಿತ್ತು ಅಂತ ಲೆಕ್ಕ ಹಾಕುತ್ತಾರೆ.

ಫ್ರೀಕ್ವೆನ್ಸಿ ಹಾಪಿಂಗಿಗೆ ‘ಆವೃತ್ತಿ ಜಿಗಿತ’ ಅಂದರೆ ನಡೆದೀತೇ?

ಶಿರಸಿಯಿಂದ:
ಜಿಗಿತ ಬೇಡ ಅಕ್ಕೋರೇ. ‘ಹಾರು’ ಇದೆಯಲ್ಲ. ಈಗಿನ ‘ಹಾರು’ ಹಳಗನ್ನಡದಲ್ಲಿ ಪಕಾರದಿಂದ ಶುರುವಾಗುವ ಎರಡು ಬೇರೆ ಧಾತು. ಶಕಟರೇಫದ (ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರದ) ‘ಪಾಱು’ ಅಂದರೆ ನೆಗೆ. ಮಾಮೂಲಿ ರೇಫದ ‘ಪಾರು’ ಅಂದರೆ ಕಾದು ನೋಡು, ‘ಹಾರೈಸು’ ಬಂದದ್ದು ಅದರಿಂದ. ಸಿಗ್ನಲ್ ಪಾಱುತ್ತದೆ, ರಿಸೀವರ್ ಪಾರುತ್ತದೆ. ಇದಕ್ಕಿಂತ ಇನ್ನೇನು ಬೇಕು? ಫ್ರೀಕ್ವೆನ್ಸಿಗೆ ‘ಅಲೆಯೆಣಿಕೆ’ ಅನ್ನಿ. ಸಂಸ್ಕೃತ ಸಾಕು.

ಕುಮಟಾದಿಂದ:
ಅಲೆಯೆಣಿಕೆ? ದಂಡೆಯ ಮೇಲೆ ಕೂತು ಎಣಿಸುವುದಾ? ಪಠ್ಯಪುಸ್ತಕದ ‘ಆವೃತ್ತಿ’ಯೂ ಬೋರ್ಡಿಗೆ ಆಗದು. ‘ಆವೃತ್ತಿ ಜಿಗಿತ’ ಅಂದರೆ ಪುಸ್ತಕದ ಎರಡನೇ ಮುದ್ರಣ ಬಿಟ್ಟು ಮೂರನೆಯದು ಬಂತು ಅಂದುಕೊಳ್ಳುತ್ತಾರೆ. ‘ತರಂಗಾಂತರ’ ಬೇಡವೇ ಬೇಡ. 2ಜಿ ಹಗರಣದ ಗಲಾಟೆಯಲ್ಲಿ ಪೇಪರಿನವರು ಸ್ಪೆಕ್ಟ್ರಮ್ಮಿಗೆಲ್ಲ ಅದನ್ನೇ ಅಂಟಿಸಿದರು. ಅಂತರ ಅಂದಮೇಲೆ ಅಲೆಯಿಂದ ಅಲೆಗೆ ಇರುವ ದೂರ, ಅಷ್ಟೇ.

ಶಿರಸಿಯಿಂದ:
ಹಾಗಾದರೆ ಎಲ್ಲ ಇಂಗ್ಲಿಷಿನಲ್ಲೇ ಇರಲಿ ಬಿಡಿ. 1935ರಲ್ಲಿ ಮೈಸೂರಿನ ಗೋಪಾಲಸ್ವಾಮಿಯವರೂ ಹೀಗೇ ಅಂದುಕೊಂಡಿದ್ದರೆ ಅವರು ಶುರುಮಾಡಿದ ರೇಡಿಯೋ ಕೇಂದ್ರಕ್ಕೆ ‘ಆಕಾಶವಾಣಿ’ ಅನ್ನುವ ಹೆಸರು ಬರುತ್ತಿತ್ತೇ?

ಕುಮಟಾದಿಂದ:
ಆಕಾಶವಾಣಿ ಸಂಸ್ಕೃತ ಅಲ್ಲದೆ ಮತ್ತೇನು ಸ್ವಾಮಿ? ಈಗಷ್ಟೇ ಸಾಕು ಅಂದಿರಿ. ಅದು ಸ್ಟೇಶನ್ನಿನ ಹೆಸರಾಯಿತು, ಪೆಟ್ಟಿಗೆಗೆ ಜನ ರೇಡಿಯೋ ಅಂತಲೇ ಅಂದರು. ನಿಮ್ಮೂರ ಅಡಿಕೆ ವ್ಯಾಪಾರದಲ್ಲಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡುತ್ತಾರಲ್ಲ, ಅದಕ್ಕೆ ಏನನ್ನುತ್ತೀರಿ? ಸ್ಯಾಂಪಲ್. ರಾಶಿ, ಚಾಲಿ, ಬೆಟ್ಟೆ ಅನ್ನುವ ಅಡಿಕೆ ಬಗೆಗಳ ಹೆಸರಿನ ನಡುವೆ ಅದೂ ಆರಾಮಾಗಿದೆ.

ಶಿರಸಿಯಿಂದ:
ವ್ಯಾಪಾರಿಗಳ ಬಾಯಿ ನಿಘಂಟಲ್ಲ.

ಕಾರವಾರದಿಂದ:
ಬೋರ್ಡಿಗೆ ಇದನ್ನು ಕಳಿಸಿದೆ: ‘ಚಾನೆಲ್ಲಿನಿಂದ ಚಾನೆಲ್ಲಿಗೆ ಹಾರುವ ಸಿಗ್ನಲ್ಲನ್ನು, ಅಗಲವಾದ ಪಟ್ಟಿಯಲ್ಲಿ, ಕಡಿಮೆ ಸ್ಯಾಂಪಲ್‌ಗಳಿಂದಲೇ ಪತ್ತೆ ಮಾಡುವ ರೇಡಿಯೋ ರಿಸೀವರ್’. ದರ, ಗ್ರಾಹಕ ಎರಡನ್ನೂ ತೆಗೆದೆ. ನೀವು ಜಗಳ ಮುಂದುವರಿಸಿ.

ಶಿರಸಿಯಿಂದ:
‘ಹಾರುವ’ ಉಳಿಯಿತು, ಸಂತೋಷ. ಶಕಟರೇಫ ಹಾಕಿದ್ದರೆ ಅರ್ಥ ಖಚಿತವಾಗುತ್ತಿತ್ತು.