ಸಹಾಯ ಬೇಕು: ತಿಪಟೂರು ಕಡೆ ಛಾಯಾ ಅಥವಾ ಸಹೇಲಿ ಗರ್ಭನಿರೋಧಕ ಮಾತ್ರೆ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ಬಾಣಂತನಕ್ಕೆ ಬಂದಿರುವ ನನ್ನ ತಂಗಿಯ ಪರವಾಗಿ ಕೇಳುತ್ತಿದ್ದೇನೆ. ಮಗುವಿಗೆ ಮೂರು ತಿಂಗಳು, ಎದೆಹಾಲು ಕುಡಿಯುತ್ತಿದೆ. ಮಾಲಾ-ಡಿ, ಮಾಲಾ-ಎನ್‌ಗಳಲ್ಲಿ ಈಸ್ಟ್ರೋಜನ್ ಇರುವುದರಿಂದ ಹಾಲುಣಿಸುವ ಮೊದಲ ಆರು ತಿಂಗಳು ಅವು ಬೇಡ, ಹಾರ್ಮೋನ್ ಇಲ್ಲದ ಛಾಯಾ ಆಗಬಹುದು ಎಂದು ಹೆರಿಗೆ ಮಾಡಿಸಿದ ವೈದ್ಯರೇ ಹೇಳಿದ್ದಾರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದೇ ಮಾತ್ರೆ. ದಿನವೂ ನೆನಪಿಟ್ಟುಕೊಳ್ಳುವ ತಾಪತ್ರಯವಿಲ್ಲ.

ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ಆದರೆ ನಮ್ಮಲ್ಲಿ ದಾಸ್ತಾನು ಮುಗಿದಿದೆಯಂತೆ. ಪೇಟೆಯ ಮೆಡಿಕಲ್ ಸ್ಟೋರ್‌ನಲ್ಲಿ ಇದೇ ಔಷಧವಿರುವ ಸಹೇಲಿ ಕೇಳಿದರೆ ಚೀಟಿ ತನ್ನಿ ಎಂದರು. ಜೊತೆಗೆ ನಾಲ್ಕು ಜನರೆದುರು "ಗಂಡನಿಗೆ ಗೊತ್ತಿದೆಯೇನಮ್ಮಾ?" ಎಂಬ ವಿಚಾರಣೆ ಬೇರೆ. ಆ್ಯಂಟಿಬಯಾಟಿಕ್ ಮಾತ್ರೆಗಳನ್ನು ಮಾತ್ರ ಅದೇ ಅಂಗಡಿಯವರು ಯಾರು ಕೇಳಿದರೂ ಕತ್ತರಿಸಿ ಕೊಡುತ್ತಾರೆ! ಸೆಂಟ್‌ಕ್ರೋಮನ್ (ಛಾಯಾ, ಸಹೇಲಿ ಎರಡರಲ್ಲೂ ಇರುವ ಔಷಧ) 30 ಮಿ.ಗ್ರಾಂ. ಮಾತ್ರೆಗೆ ಔಷಧ ನಿಯಮಗಳ ಷೆಡ್ಯೂಲ್ ಕೆ ಅಡಿಯಲ್ಲಿ ಚೀಟಿಯಿಂದ ವಿನಾಯಿತಿ ಇದೆ ಎಂದು ಹೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ತಿಪಟೂರು, ಅರಸೀಕೆರೆ ಸುತ್ತಮುತ್ತ ಅಡ್ಡ ಪ್ರಶ್ನೆ ಹಾಕದೆ ಕೊಡುವ ಅಂಗಡಿ ಯಾವುದು? ಗುಂಪಿನಲ್ಲಿ ಆಶಾ ಕಾರ್ಯಕರ್ತೆಯರಿದ್ದರೆ, ಪಕ್ಕದ ಉಪಕೇಂದ್ರದಿಂದ ತರಿಸಲು ಸಾಧ್ಯವೇ ತಿಳಿಸಿ. ದಾಸ್ತಾನು ಇಲ್ಲವೆಂದು ಯಾರಿಗೆ ದೂರು ಕೊಡಬೇಕು, ತಾಲ್ಲೂಕು ಆರೋಗ್ಯಾಧಿಕಾರಿಗಳಿಗೇ?

ಮಾತ್ರೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಉಪದೇಶ ನಮ್ಮ ದೊಡ್ಡಮ್ಮನಿಂದಲೇ ಸಾಕಷ್ಟು ಸಿಕ್ಕಿದೆ. ದಯವಿಟ್ಟು ವಿಳಾಸ ಮಾತ್ರ ಬರೆಯಿರಿ.