ಸೋಲಾರ್ ಟ್ಯಾಂಕಿನ ಹೀಟರಿಗೆ ಸೆನ್ಸರ್, ಕಂಟ್ರೋಲರ್ ಜೋಡಿಸೋದು ಹೆಂಗ? ಅನುಭವ ಇದ್ದೋರು ಹೇಳ್ರಿ

ಸಿರುಗುಪ್ಪದಿಂದ ಕೇಳಿದ್ದು: ಮಾಳಿಗಿ ಮ್ಯಾಲೆ 200 ಲೀಟರಿನ ಸೋಲಾರ್ ಟ್ಯಾಂಕ್ ಐತಿ, ಒಳಗ 2 ಕಿಲೋವ್ಯಾಟ್ ಹೀಟರ್. ಮೋಡ ಕವಿದ ದಿನ ಹೀಟರ್ ಹಾಕಿದ್ರ ಬಂದ್ ಮಾಡೋದು ಮರತು ಹೋಗ್ತೈತಿ. ನೀರಿನ ಬಿಸಿ ನೋಡಿ ಹೀಟರನ್ನ ತಾನೇ ಚಾಲೂ-ಬಂದ್ ಮಾಡೋ ಎಸ್‌ಟಿಸಿ-1000 ಕಂಟ್ರೋಲರ್ ತಂದಿಟ್ಟೀವಿ. ಅದನ್ನ ಬಚ್ಚಲ ಹೊರಗಿನ ಗ್ವಾಡಿಗೆ ಹಾಕಬೇಕು, ಟ್ಯಾಂಕಿನಿಂದ 15 ಮೀಟರ್ ದೂರ. ವೈರಿಂಗ್ ಹೆಂಗ, ಸೆನ್ಸರ್ ಎಲ್ಲಿ?

ಗಂಗಾವತಿಯಿಂದ: ಹೀಟರಿನ ಲೋಡ್ ಸೀದಾ ಕಂಟ್ರೋಲರ್ ಮ್ಯಾಲೆ ಹಾಕಬ್ಯಾಡ್ರಿ. ಅದರ ರಿಲೇ (ಒಳಗಿನ ಸ್ವಿಚ್) 10 ಆಂಪಿಯರಿಂದು, ನಿಮ್ಮ ಹೀಟರ್ 8.7 ಎಳೀತೈತಿ. ಲೆಕ್ಕಕ್ಕ ಸರಿ ಅನಸ್ತೈತಿ, ಆದ್ರ ದಿನಾ ಅಷ್ಟು ಲೋಡ್ ಹಾಕಿ ತಗದ್ರ ಪಾಯಿಂಟ್ ಸುಟ್ಟು ಅಂಟಿಕೊಳ್ತಾವ. ಆಮ್ಯಾಲೆ ಕಂಟ್ರೋಲರ್ ಬಂದ್ ತೋರಿಸಿದ್ರೂ ಹೀಟರ್ ನಡದೇ ಇರ್ತೈತಿ. 230 ವೋಲ್ಟ್ ಕಾಯಿಲಿನ 25 ಆಂಪಿಯರ್ ಡಬಲ್ ಪೋಲ್ ಕಾಂಟ್ಯಾಕ್ಟರ್ (ಕಾಯಿಲಿಗೆ ಕರೆಂಟು ಬಂದ್ರ ಫೇಸ್, ನ್ಯೂಟ್ರಲ್ ಎರಡನ್ನೂ ಜೋಡಿಸೋ ದೊಡ್ಡ ಸ್ವಿಚ್) ತಗೋರಿ, ಹೀಟರಿನ ಲೋಡ್ ಅದರ ಮ್ಯಾಲೆ ಇರ್ಲಿ. ಕಂಟ್ರೋಲರಿನ ಟರ್ಮಿನಲ್ 1, 2ಕ್ಕ ಕರೆಂಟು, 3, 4ಕ್ಕ ಸೆನ್ಸರ್, 5ಕ್ಕ ಫೇಸ್, 6ರಿಂದ ಕಾಯಿಲಿನ ಎ1ಕ್ಕ, ನ್ಯೂಟ್ರಲ್ ಎ2ಕ್ಕ. 7, 8 ತಂಪು ಮಾಡೋದಕ್ಕ ಇರೋದು, ಖಾಲಿ ಬಿಡ್ರಿ. ಹೀಟರಿಗೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್, 16 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದ್ರ ಲೈನ್ ಕಡಿಯೋದು). ಕಂಟ್ರೋಲರಿನ ಸೆಟ್ಟಿಂಗಿನಾಗ ಎಫ್1 (ಬಂದ್ ಆಗೋ ಡಿಗ್ರಿ) ಅನ್ನೋದನ್ನ 55, ಎಫ್2 (ಎಷ್ಟು ಡಿಗ್ರಿ ಇಳದ್ರ ಚಾಲೂ) ಅನ್ನೋದನ್ನ 5 ಇಡ್ರಿ: 50ಕ್ಕ ಚಾಲೂ, 55ಕ್ಕ ಬಂದ್.

ಇದರ ಜೋಡಿ ಕೈಯಿಂದ ರೀಸೆಟ್ ಮಾಡೋ 90 ಡಿಗ್ರಿ ಕಟೌಟ್ (ಅಷ್ಟು ಬಿಸಿ ಆದ್ರ ಕರೆಂಟು ಕಡಿಯೋದು) ಬೇಕೇ ಬೇಕು. ಅದನ್ನ ಕಾಯಿಲಿನ ಲೈನಿನಾಗ ಅಲ್ಲ, ಹೀಟರಿನ ಫೇಸಿನಾಗ ಹಾಕ್ರಿ. ಕಾಂಟ್ಯಾಕ್ಟರೇ ಅಂಟಿಕೊಂಡ್ರ ಕಾಯಿಲಿನ ಕರೆಂಟು ಕಡದು ಏನ್ ಉಪಯೋಗ? 80ರದು ತರಬ್ಯಾಡ್ರಿ, ನಮ್ಮ ಬ್ಯಾಸಿಗಿ ಬಿಸಿಲಿಗೇ ಹಾರ್ತೈತಿ.

ಸಿಂಧನೂರಿನಿಂದ: ಹೆಚ್ಚಿನವರು ಎಡವುವುದು ಸೆನ್ಸರ್ ಜಾಗದಲ್ಲಿ. ಹೀಟರ್ ತನ್ನ ಮೇಲಿನ ನೀರನ್ನಷ್ಟೇ ಕಾಯಿಸುತ್ತದೆ, ಕೆಳಗಿನದು ತಣ್ಣಗೇ ಉಳಿಯುತ್ತದೆ. ಸೆನ್ಸರ್ ಹೀಟರಿಗಿಂತ ಕೆಳಗಿದ್ದರೆ 55 ತಲುಪುವುದೇ ಇಲ್ಲ, ಹೀಟರ್ ನಿಲ್ಲುವುದೂ ಇಲ್ಲ. ಹೀಟರಿಗಿಂತ ಒಂದು ಗೇಣು ಮೇಲೆ, ಟ್ಯಾಂಕಿನ ಒಳಗೆ ಇಳಿದ ಪಾಕೆಟ್‌ನಲ್ಲಿ (ತುದಿ ಮುಚ್ಚಿದ ಸಣ್ಣ ಕೊಳವೆ) ಇರಲಿ. ಪಾಕೆಟ್‌ಗೆ ಥರ್ಮಲ್ ಪೇಸ್ಟ್ ತುಂಬಿ. ಗಾಳಿ ಉಳಿದರೆ ಸೆನ್ಸರ್ ತಡವಾಗಿ ಏರುತ್ತದೆ. ಹೊರಗಿನ ತಗಡಿಗೆ ಟೇಪ್ ಹಚ್ಚಿ ಅಂಟಿಸಿದರೆ ಅದು ತೋರಿಸುವುದು ಬಿಸಿಲನ್ನು, ನಡುವೆ ಶಾಖ ತಡೆಯುವ ಪಫ್ ಪದರು ಇರುತ್ತದಲ್ಲ.

15 ಮೀಟರ್ ದೂರಕ್ಕೆ 10ಕೆ ಎನ್‌ಟಿಸಿ (25 ಡಿಗ್ರಿಯಲ್ಲಿ 10,000 ಓಮ್ ಇದ್ದು, ಬಿಸಿಯಾದಷ್ಟೂ ಓಮ್ ಇಳಿಯುವ ಸೆನ್ಸರ್) ಧಾರಾಳ ಸಾಕು. ವೈರಿನ ರೆಸಿಸ್ಟೆನ್ಸ್ ಒಂದೆರಡು ಓಮ್, 60 ಡಿಗ್ರಿ ಹತ್ತಿರ ಎನ್‌ಟಿಸಿ ಒಂದೊಂದು ಡಿಗ್ರಿಗೆ 80ಕ್ಕೂ ಹೆಚ್ಚು ಓಮ್ ಬದಲಾಗುತ್ತದೆ. ಪಿಟಿ100 ಅನ್ನುವ ಪ್ಲಾಟಿನಂ ಸೆನ್ಸರ್ ಆದರೆ ಡಿಗ್ರಿಗೆ 0.385 ಓಮ್ ಮಾತ್ರ. ಅದಕ್ಕೆ ಮೂರು ವೈರ್ ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಸೆನ್ಸರ್ ವೈರನ್ನು ಹೀಟರ್ ವೈರಿನ ಪೈಪಿನಲ್ಲಿ ಎಳೆಯಬೇಡಿ. ಜಾಯಿಂಟ್‌ಗೆ ಬೆಸುಗೆ ಹಾಕಿ, ಅಂಟು ಇರುವ ಸ್ಲೀವ್ ಹಾಕಿ.

ಅರ್ಥಿಂಗ್ ಗುಂಡಿ ಎರೆಮಣ್ಣಿನಲ್ಲಿದ್ದರೆ ಬೇಸಿಗೆಯಲ್ಲಿ ಮಣ್ಣು ಬಿರಿದು ರಾಡ್ ಬಿಡುತ್ತದೆ. ವಾರಕ್ಕೊಮ್ಮೆ ನೀರು ಹಾಕಿ, ಮರೆಯಬೇಡಿ.

ಕುಷ್ಟಗಿಯಿಂದ: ಬೋರ್ ನೀರಾದ್ರ ಪಾಕೆಟ್‌ಗೂ ಹೀಟರಿಗೂ ಬಿಳಿ ಪದರು ಕಟ್ಟತೈತಿ. 60 ದಾಟಿದಷ್ಟೂ ಜಾಸ್ತಿ, ಅದಕ್ಕ 55 ಸಾಕು. ವರ್ಷಕ್ಕೊಮ್ಮೆ ಹೀಟರ್ ಬಿಚ್ಚಿ ಸಿಟ್ರಿಕ್ ಆಸಿಡ್ ನೀರಿನ್ಯಾಗ ನೆನಸ್ರಿ. ವೈರಿಗೆ ಮಂಗ್ಯಾನ ಕಾಟನೂ ಐತಿ. ಜಿಐ ಪೈಪಿನ್ಯಾಗ ಎಳದ್ರ ಕೀಳಂಗಿಲ್ಲ.

ಸಿರುಗುಪ್ಪ: ಸೆನ್ಸರ್ ಕೆಟ್ಟರ ಅಂಗಡಿಯಾಗ ಸಿಗೋ ಯಾವದರ 10ಕೆ ನಡೀತೈತೇನ್ರಿ?

ಸಿಂಧನೂರು: ಇಲ್ಲ. ಎಲ್ಲವೂ 25 ಡಿಗ್ರಿಯಲ್ಲಿ 10ಕೆ, ಮೇಲೇರಿದಂತೆ ಬೇರೆಯಾಗುತ್ತವೆ. ಬೀಟಾ ಅಂದರೆ ಬಿಸಿಗೆ ಓಮ್ ಎಷ್ಟು ಬೇಗ ಇಳಿಯುತ್ತದೆ ಅನ್ನುವ ಸಂಖ್ಯೆ. 60 ಡಿಗ್ರಿಯಲ್ಲಿ 3950 ಬೀಟಾದ್ದು ಸುಮಾರು 2.5ಕೆ, 3435ರದು ಸುಮಾರು 3ಕೆ. 3950ರ ಕಂಟ್ರೋಲರಿಗೆ 3435 ಹಾಕಿದರೆ ನೀರು 60 ಇದ್ದಾಗ 55 ತೋರಿಸುತ್ತದೆ. ಹೊಸ ಸೆನ್ಸರ್ ಮತ್ತು ಥರ್ಮಾಮೀಟರ್ ಎರಡನ್ನೂ ಒಂದೇ ಬಿಸಿನೀರಿನ ಲೋಟದಲ್ಲಿಟ್ಟು ಮಲ್ಟಿಮೀಟರ್ ಹಿಡಿಯಿರಿ; ಹಳೆಯದು ಸರಿಯಿದ್ದಾಗ ಅದೇ ಬಿಸಿಗೆ ತೋರಿಸುತ್ತಿದ್ದ ಓಮ್‌ಗೆ ಹೊಂದಿದರೆ ಮಾತ್ರ ಪಾಕೆಟ್‌ಗೆ ಇಳಿಸಿ.